ಅಚ್ಚು ಮಾಮನ ನೀಲಿ ಕಪ್ಪೆ

ಅಚ್ಚು ಮಾಮ ಮತ್ತು ಅವರ ಹೆಂಡತಿಯ ಬಗ್ಗೆ ಯಾರಾದರೂ ಹೇಳಲೇಬೇಕು. ಕಾರಣ ಸರಳ. ಮ್ಯೂಸಿಯಂನ ಕಪ್ಪೆ ಗೋಡೆಯ ಮುಂದೆ ನಿಂತವರು ಮುಟ್ಟಿ ನೋಡಲು ಬೆರಳು ಚಾಚುತ್ತಾರೆ, ಮರುಕ್ಷಣ ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಎಲ್ಲಿ ಜಿಗಿದು ಮುಖದ ಮೇಲೆ ಕೂತುಬಿಡುತ್ತದೋ ಎಂಬ ಅಳುಕು. ಅಂಥ ಕಪ್ಪೆಗಳನ್ನು ಮಾಡಿದ ಕೈ ಮಾಮನದು. ಆದರೆ ಮಾಮನಿಗೆ ಹಸಿರು ಕಾಣುವುದಿಲ್ಲ. ಕೆಂಪೂ ಅಷ್ಟಕ್ಕಷ್ಟೆ. ಬಣ್ಣದ ವಿಷಯಕ್ಕೆ ಬಂದರೆ ಅವರ ಕಣ್ಣು ಅವರ ಹೆಂಡತಿ. ಗೋಡೆ ನೋಡಿದವರು ಲೆಕ್ಕವಿಲ್ಲದಷ್ಟು ಮಂದಿ, ಅದನ್ನು ಮಾಡಿದ ಇಬ್ಬರನ್ನು ನೋಡಿದವರು ಬಹಳ ಕಡಿಮೆ. ಅದು ನ್ಯಾಯವಲ್ಲ. ಅದಕ್ಕೇ ಈ ನಾಲ್ಕು ಮಾತು.

ಮಾಮನ ಕೋಣೆ ಮ್ಯೂಸಿಯಂನ ನೆಲಮಾಳಿಗೆಯಲ್ಲಿದೆ. ಮೆಟ್ಟಿಲಿಳಿದು ಎಡಕ್ಕೆ ತಿರುಗಿದರೆ ಮೊದಲು ಸ್ಪಿರಿಟ್ಟಿನ ವಾಸನೆ ಮೂಗಿಗೆ ಬಡಿಯುತ್ತದೆ, ಆಮೇಲೆ ಹಸಿ ಪ್ಲಾಸ್ಟರಿನದು. ಕಿಟಕಿ ಇರುವುದು ಸೂರಿನ ಹತ್ತಿರ, ಹೊರಗಿನ ರಸ್ತೆಯ ಮಟ್ಟಕ್ಕೆ. ಅದರಲ್ಲಿ ಕಾಣುವುದು ಓಡಾಡುವವರ ಕಾಲು ಮಾತ್ರ. ಕಾಲು ನೋಡಿಯೇ ಮಾಮ, "ಸಾಹೇಬ್ರು ಇವತ್ತು ಲೇಟು" ಅನ್ನುತ್ತಾರೆ. ಗೋಡೆಗೆ ಉದ್ದಕ್ಕೂ ಹಲಗೆ, ಹಲಗೆಯ ಮೇಲೆ ಗಾಜಿನ ಸೀಸೆಗಳು, ಸೀಸೆಯೊಳಗೆ ಸ್ಪಿರಿಟ್ಟಿನಲ್ಲಿ ಮುಳುಗಿ ಕೂತ ಕಪ್ಪೆಗಳು. ನಡುವೆ ಒಂದು ಮೇಜು. ಮೇಜಿನ ಮೇಲಿರುವ ಗೀರು, ಕಲೆ, ಸುಟ್ಟ ಗುರುತು, ಎಲ್ಲವೂ ಮಾಮನದೇ.

ಅಲ್ಲಿಗೆ ಬರುವ ಮೊದಲು ಮಾಮ ಮನೆಗಳ ಸೂರಿನ ಅಂಚಿಗೆ ಪ್ಲಾಸ್ಟರಿನ ಹೂಬಳ್ಳಿ ಎರಕ ಹೊಯ್ಯುತ್ತಿದ್ದರು. ಬಾಲ್ಕನಿ ಕಂಬ, ಸಿಂಹದ ಮುಖ, ದ್ರಾಕ್ಷಿ ಗೊಂಚಲು, ಯಾರು ಏನು ಕೇಳಿದರೂ ಅಚ್ಚು ತೆಗೆದುಕೊಡುತ್ತಿದ್ದರು. ಶಾಲೆಯನ್ನು ಅರ್ಧಕ್ಕೇ ಬಿಟ್ಟವರು. ಆದರೆ ಕೈ ಮಾತ್ರ ಎಂದೂ ಸುಮ್ಮನಿದ್ದದ್ದಿಲ್ಲ. ಮ್ಯೂಸಿಯಂನ ಹಳೆಯ ಸಾಹೇಬರು ಯಾರದೋ ಮನೆಯ ಸೂರು ನೋಡಿ, ಇದನ್ನು ಮಾಡಿದವನನ್ನು ಕರೆಸಿ ಅಂದರಂತೆ. ಬಂದ ಮಾಮನನ್ನು ಕೇಳಿದ್ದು ಎರಡೇ ಪ್ರಶ್ನೆ.

"ಹಲ್ಲಿ ಮಾಡ್ತೀಯಾ?"

"ಮಾಡ್ತೀನಿ ಸ್ವಾಮಿ."

"ಬಣ್ಣ ಹಾಕೋದು ಬರತ್ತಾ?"

ಮಾಮ ಒಂದು ಗಳಿಗೆ ಬೂಟು ನೋಡಿಕೊಂಡರು. "ಮನೇಲಿ ಹಾಕ್ಕೊಂಡು ಬರ್ತೀನಿ" ಅಂದರು. ಸುಳ್ಳಂತೂ ಹೇಳಲಿಲ್ಲ. ಹಾಕುವವರು ಯಾರು ಎಂದು ಅವರು ಕೇಳಲಿಲ್ಲ, ಇವರು ಹೇಳಲಿಲ್ಲ.

ಹಾಕುವವರು ಅತ್ತೆ. ಮಾಮನನ್ನು ಮಾಮ ಎಂದು ಕರೆಯುವವರೆಲ್ಲ ಅವರ ಹೆಂಡತಿಯನ್ನು ಅತ್ತೆ ಅನ್ನುತ್ತಾರೆ, ಇಲ್ಲೂ ಹಾಗೇ ಇರಲಿ. ಅತ್ತೆ ಮದುವೆಗೆ ಮೊದಲೂ ಆಮೇಲೂ ನೂಲಿಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿದ್ದವರು. ಗಿರಾಕಿ ಒಂದು ಚೂರು ಬಟ್ಟೆ ತಂದು, ಇದೇ ಬಣ್ಣದ ನೂಲು ಬೇಕು ಅಂದರೆ, ಬಣ್ಣದ ಪುಡಿಗಳನ್ನು ಬೆರೆಸಿ, ಒಂದು ಎಳೆ ಅದ್ದಿ, ಒಣಗಿಸಿ, ಬಟ್ಟೆಯ ಮೇಲಿಟ್ಟು ತೋರಿಸುವುದು ಅವರ ಕೆಲಸ. ಎಳೆ ಬಟ್ಟೆಯಲ್ಲಿ ಮಾಯವಾಗಬೇಕು, ಆಗಲೇ ಸರಿ. ಅತ್ತೆಯ ಎಳೆ ಮಾಯವಾಗದೆ ಇದ್ದದ್ದೇ ಇಲ್ಲ ಎಂದು ಕಾರ್ಖಾನೆಯವರು ಈಗಲೂ ಹೇಳುತ್ತಾರೆ. ಹೊಗೆ ಎದೆಗೆ ಹಿಡಿಯಿತೆಂದು ಆ ಕೆಲಸ ಬಿಟ್ಟರು. ಕಣ್ಣು ಬಿಡಲಿಲ್ಲ.

ಮಾಮನ ಕಣ್ಣಿನ ವಿಷಯ ಅತ್ತೆಗೆ ಗೊತ್ತಾದದ್ದು ಬಾಗಿಲಿನಿಂದ. ಹೊಸದಾಗಿ ಸಂಸಾರ ಹೂಡಿದ್ದರು. ಮುಂಬಾಗಿಲಿಗೆ ಹಸಿರು ಬಳಿಯಲು ಅತ್ತೆ ಹೇಳಿದರು. ಡಬ್ಬಿ ಅರ್ಧಕ್ಕೇ ಮುಗಿಯಿತು. ಮಾಮ ಮೂಲೆಯಲ್ಲಿದ್ದ, ಹೆಸರಿನ ಚೀಟಿ ಕಿತ್ತುಹೋದ ಇನ್ನೊಂದು ಡಬ್ಬಿ ತೆಗೆದು ಮುಂದುವರಿಸಿದರು. ಅತ್ತೆ ಕೆಲಸದಿಂದ ಬಂದು ನೋಡುತ್ತಾರೆ, ಬಾಗಿಲು ಮೇಲಿಂದ ಸೊಂಟದವರೆಗೆ ಹಸಿರು, ಕೆಳಗೆ ಇಟ್ಟಿಗೆ ಕೆಂಪು.

"ಏನ್ರೀ ಇದು?"

"ಏನು? ಚೆನ್ನಾಗಿ ಬಂದಿಲ್ವಾ? ಎರಡು ಕೋಟು ಹಾಕಿದೀನಿ."

ಅತ್ತೆ ಅವರ ಮುಖ ನೋಡಿದರು. ತಮಾಷೆಯಲ್ಲ ಎಂದು ತಿಳಿಯಿತು. ತುಟಿ ಕಚ್ಚಿಕೊಂಡು, "ಬಂದಿದೆ. ಬಹಳ ಚೆನ್ನಾಗಿ ಬಂದಿದೆ" ಅಂದರು. ಬಾಗಿಲನ್ನು ಹಾಗೇ ಬಿಟ್ಟರು. ಎದುರು ಮನೆಯವರು ಹೊಸ ಫ್ಯಾಶನ್ ಅಂದುಕೊಂಡು ತಮ್ಮ ಬಾಗಿಲಿಗೂ ಹಾಗೇ ಬಳಿಸಿದರು. ಅದನ್ನು ನೆನೆದರೆ ಅತ್ತೆಗೆ ಈಗಲೂ ನಗು ತಡೆಯಲಾಗುವುದಿಲ್ಲ.

ಹೀಗೆ ವರ್ಷಗಳು ಕಳೆದವು. ಮಾಮ ಮಾಡಿದ ಹಲ್ಲಿ, ಹಾವು, ಏಡಿ, ಅಣಬೆ ಎಲ್ಲ ಮೊಟ್ಟೆಯ ಟ್ರೇಯಲ್ಲಿ ಕೂತು ಬಸ್ಸಿನಲ್ಲಿ ಮನೆಗೆ ಹೋಗಿ, ಅಡುಗೆಮನೆಯ ಮೇಜಿನ ಮೇಲೆ ಬಣ್ಣ ಹಚ್ಚಿಸಿಕೊಂಡು, ಅದೇ ಬಸ್ಸಿನಲ್ಲಿ ವಾಪಸ್ಸು ಬರುತ್ತಿದ್ದವು. ಅತ್ತೆ ಬಣ್ಣ ಬೆರೆಸುತ್ತಿದ್ದರು, ಮಾಮ ನೆರಳು ಹೇಳುತ್ತಿದ್ದರು. ಇಲ್ಲಿ ಇನ್ನೂ ಕಪ್ಪಾಗಲಿ, ಇಲ್ಲಿ ಬೆಳಕು ಬೀಳಲಿ ಎಂದು. ಬಣ್ಣ ಕಾಣದಿದ್ದರೂ ಎಲ್ಲಿ ಎಷ್ಟು ಗಾಢ, ಎಲ್ಲಿ ಎಷ್ಟು ತಿಳಿ ಎಂಬುದು ಅವರಿಗೆ ಅತ್ತೆಗಿಂತ ಚೆನ್ನಾಗಿ ಕಾಣುತ್ತಿತ್ತು. ಇಬ್ಬರೂ ಸೇರಿದರೆ ಒಂದು ಜೊತೆ ಪೂರ್ತಿ ಕಣ್ಣು.

ಆಮೇಲೆ ಕಪ್ಪೆ ಗೋಡೆ ಬಂತು.

ಹಳೆಯ ಸಾಹೇಬರು ಹೋಗಿ ಹೊಸಬರು ಬಂದಿದ್ದರು. ಕಪ್ಪೆಗಳ ಬಗ್ಗೆ ಓದಿದ ಒಬ್ಬ ಹೆಂಗಸನ್ನು ಕರೆಸಿಕೊಂಡಿದ್ದರು. ಎಲ್ಲರ ಬಾಯಲ್ಲಿ ಅವರು ಕಪ್ಪೆ ಮೇಡಂ. ಬಿಸಿ ನಾಡಿನ ಮರಗಪ್ಪೆಗಳ ಒಂದು ಕುಟುಂಬವನ್ನು ಇಡೀ ಗೋಡೆಗೆ ತರಬೇಕು ಎಂಬುದು ಅವರ ಆಸೆ. ಅವರು ಮಾಮನ ಮೇಜಿಗೆ ಬಂದು, ಸ್ಟೂಲ್ ಎಳೆದುಕೊಂಡು ಕೂತು, ಸೀಸೆಯಿಂದ ಒಂದು ಕಪ್ಪೆ ತೆಗೆದು ಅದರ ಕಾಲು ಬಿಡಿಸಿ ತೋರಿಸಿದರು.

"ಮಾಮ, ಬೆರಳ ತುದಿ ನೋಡಿ. ಗುಂಡಗೆ ಬಿಲ್ಲೆ ಥರ ಇದೆ ಅಲ್ವಾ? ಇದರಿಂದ ಎಲೆಗೆ ಅಂಟಿಕೊಳ್ಳತ್ತೆ. ಇದರ ಹಿಂದೆ, ಕೊನೇ ಮೂಳೆಗೂ ಅದರ ಹಿಂದಿನ ಮೂಳೆಗೂ ನಡುವೆ, ಇನ್ನೊಂದು ಎಳೇ ಮೂಳೆ ಚೂರಿದೆ. ಕೆರೆ ಕಪ್ಪೆಗಿಲ್ಲ ಅದು. ಅದಿರೋದ್ರಿಂದ ಬೆರಳ ತುದಿ ಹೇಗೆ ಬೇಕಾದ್ರೂ ಹೊರಳತ್ತೆ. ಎಲೆ ಓರೆ ಇದ್ರೂ ಬಿಲ್ಲೆ ಪೂರ್ತಿ ಕೂರತ್ತೆ."

ಮಾಮ ತಮ್ಮ ಹೆಬ್ಬೆರಳಿನ ಉಗುರಿನಿಂದ ಆ ಜಾಗ ಒತ್ತಿ ನೋಡಿದರು. ಕೈಗೆ ಸಿಕ್ಕಿತು. "ಹೂಂ" ಅಂದರು. ಸಂಜೆ ಮನೆಯಲ್ಲಿ ಅತ್ತೆಗೆ ಅಷ್ಟನ್ನೂ ಒಪ್ಪಿಸಿದರು.

"ಬೆರಳು ಒಂದೇ ಥರ ಇದ್ರೆ ಒಂದೇ ಮನೆಯವರಾ?" ಅತ್ತೆ ಕೇಳಿದರು. "ನಿಮ್ಮ ಮೂಗೂ ಪೇಪರ್ ಹಾಕೋರ ಮೂಗೂ ಒಂದೇ ಥರ ಇದೆ. ದಾಯಾದಿಗಳಾ?"

ಈ ಮಾತನ್ನು ಮಾಮ ಮಾರನೆಯ ದಿನ ಮೇಡಂಗೆ ತಲುಪಿಸಿದರು. ಯಾರು ಕೇಳಿದ್ದು ಎಂದು ಮಾತ್ರ ಹೇಳಲಿಲ್ಲ. ಮೇಡಂ ಜೋರಾಗಿ ನಕ್ಕರು. "ಸರಿಯಾದ ಪ್ರಶ್ನೆ! ಆ ಎಳೇ ಮೂಳೆ ದೂರದ ಬೇರೆ ಮರಗಪ್ಪೆಗಳಿಗೂ ಇದೆ. ಅದಕ್ಕೇ ಒಂದು ಗುರುತು ಸಾಲಲ್ಲ ಮಾಮ. ಈ ಕುಟುಂಬದವಕ್ಕೆ ಕೊನೇ ಮೂಳೆ ಕವೆ ಥರ ಎರಡಾಗಿ ಸೀಳಿರತ್ತೆ. ಅದನ್ನೂ ನೋಡ್ಬೇಕು, ಇನ್ನೂ ಹತ್ತಾರು ಸೇರಿಸಿ ನೋಡ್ಬೇಕು."

ಹಾಗೆ ಒಬ್ಬೊಬ್ಬರೇ ನೆಂಟರು ಗೋಡೆಗೆ ಬಂದರು. ಉಗುರಿನಷ್ಟೇ ದೊಡ್ಡ ಪೊದೆಗಪ್ಪೆ ಮೊದಲು. ಅದರ ಮೊಟ್ಟೆಯಿಂದ ಬಾಲದ ಮರಿ ಬರುವುದಿಲ್ಲ, ನೇರವಾಗಿ ಪುಟಾಣಿ ಕಪ್ಪೆಯೇ ಹೊರಬೀಳುತ್ತದೆ. ಆಮೇಲೆ ಮೈಯೆಲ್ಲ ಗಂಟುಗಂಟಾಗಿ, ಕಲ್ಲಿನ ಮೇಲಿನ ಪಾಚಿಯಂತೆ ಕಾಣುವ ಇನ್ನೊಂದು. ಅದರ ಒಂದೊಂದು ಗಂಟನ್ನೂ ಮಾಮ ಪ್ರೀತಿಯಿಂದ ಅಚ್ಚಿಗಿಳಿಸಿದರು. ಆಮೇಲೆ ನೊರೆಯಲ್ಲಿ ಗೂಡು ಕಟ್ಟುವ ಕಂದು ಬಣ್ಣದ್ದು. ಅದರ ತಲೆಯ ಚರ್ಮ ಬುರುಡೆಗೇ ಅಂಟಿಕೊಂಡಿರುವುದರಿಂದ ಬೆರಳಿಟ್ಟು ಸರಿಸಿದರೆ ಸರಿಯುವುದಿಲ್ಲ.

"ನಿಮ್ಮಕ್ಕನ ಹಾಗೆ. ಮುಖ ಸಡಿಲ ಮಾಡೋದೇ ಇಲ್ಲ" ಎಂದು ಅತ್ತೆ ಆ ಕಂದು ಕಪ್ಪೆಗೆ ಕುಂಚ ತಾಗಿಸುತ್ತ ಹೇಳಿದರು.

"ನಮ್ಮಕ್ಕನ ಸುದ್ದಿ ಬೇಡ."

"ಬಣ್ಣ ಮಾತ್ರ ಇದರದೇ ವಾಸಿ."

ಎಲ್ಲಕ್ಕೂ ಮೇಡಂ ಹಾಕಿದ ಕಟ್ಟಳೆ ಒಂದೇ. "ಸೀಸೇಲಿ ಹೇಗಿದೆಯೋ ಹಾಗೇ ಇರಬೇಕು. ಪುಸ್ತಕದ ಚಿತ್ರ ನಂಬಬೇಡಿ, ಒಂದೊಂದರಲ್ಲಿ ಒಂದೊಂದು ಬಣ್ಣ ಬಂದಿರತ್ತೆ. ಮನಸಿಗೆ ತೋಚಿದ್ದಂತೂ ಬೇಡವೇ ಬೇಡ." ಮಾಮನಿಗೆ ಅದು ಹಿಡಿಸಿತು, ಅತ್ತೆಗೆ ಇನ್ನೂ ಹಿಡಿಸಿತು. ಜೀವಮಾನವೆಲ್ಲ ಅವರು ಮಾಡಿದ್ದು ಅದನ್ನೇ ಅಲ್ಲವೇ.

ಗೋಡೆಯ ನಡುವಿನ ಜಾಗ ಹಾರುಗಪ್ಪೆಗೆ. ಹಕ್ಕಿಯ ಹಾಗೆ ಅದು ಹಾರುವುದಿಲ್ಲ. ಎತ್ತರದ ಮರದಿಂದ ಧುಮುಕಿ, ನಾಲ್ಕೂ ಪಾದ ಬಿಡಿಸಿ, ತೇಲಿಕೊಂಡು ಇಳಿಯುತ್ತದೆ. ಅದಕ್ಕಾಗಿ ಕೈ ಕಾಲು ಎರಡರ ಬೆರಳ ನಡುವೆಯೂ ತುದಿಯವರೆಗೆ ಜಾಲಪೊರೆ, ಮುಂಗೈಯುದ್ದಕ್ಕೂ ಚರ್ಮದ ಒಂದು ಝಾಲರಿ. ಈ ಪೊರೆ ಮಾಮನಿಗೆ ನೀರು ಕುಡಿಸಿತು. ಸ್ಪಿರಿಟ್ಟಿನಲ್ಲಿದ್ದ ಕಪ್ಪೆಯನ್ನು ನೀರಲ್ಲಿ ನೆನೆಸಿ, ಜೇಡಿಮಣ್ಣಿನ ಮೇಲೆ ಬೋರಲು ಮಲಗಿಸಿ, ಬೆರಳುಗಳನ್ನು ಒದ್ದೆ ಕುಂಚದಿಂದ ಒಂದೊಂದೇ ಬಿಡಿಸಿ, ಮೇಲಿಂದ ರಬ್ಬರ್ ಹೊಯ್ದು ಅಚ್ಚು ತೆಗೆಯಬೇಕು. ಪೊರೆ ದಪ್ಪವಾದರೆ ಬಾತುಕೋಳಿಯ ಪಾದವಾಗುತ್ತದೆ. ತೆಳುವಾದರೆ ಅಚ್ಚು ಬಿಡಿಸುವಾಗ ಹರಿಯುತ್ತದೆ. ಹರಿದು ಹರಿದು ಕೊನೆಗೊಮ್ಮೆ ನಿಂತಿತು. ದೀಪಕ್ಕೆ ಹಿಡಿದರೆ ಪೊರೆಯಲ್ಲಿ ಬೆಳಕು ಹಾಯುತ್ತಿತ್ತು. ಮಾಮ ಅದನ್ನು ಟ್ರೇಯಲ್ಲಿಟ್ಟುಕೊಂಡು, ಬಸ್ಸಿನಲ್ಲಿ ಸೀಟು ಸಿಕ್ಕರೂ ಕೂರದೆ ನಿಂತೇ ಮನೆಗೆ ಹೋದರು.

ಮೇಡಂ ಆಗ ಊರಲ್ಲಿರಲಿಲ್ಲ. ದೂರದಲ್ಲೆಲ್ಲೋ ಕಪ್ಪೆ ಸಾಕುವ ಮನೆಯಿಂದ ಜೀವಂತ ಹಾರುಗಪ್ಪೆ ತರಲು ಹೋಗಿದ್ದರು. ಅತ್ತೆ, ಮಾಮ ಜೊತೆಗೇ ತಂದಿದ್ದ ಪುಟ್ಟ ಸೀಸೆಯ ಕಪ್ಪೆಯನ್ನು ಕಿಟಕಿಯ ಬೆಳಕಿಗಿಟ್ಟು, ಕಣ್ಣಲ್ಲಿ ಕಣ್ಣಿಟ್ಟು ನೋಡಿ, ಬಣ್ಣ ಬೆರೆಸಿದರು. ಒಂದು ಚುಕ್ಕಿ ಸೀಸೆಯ ಗಾಜಿನ ಮೇಲೆ, ಕಪ್ಪೆಯ ಬೆನ್ನಿಗೆ ಸರಿಯಾಗಿ ಇಟ್ಟರು. ಚುಕ್ಕಿ ಮಾಯವಾಯಿತು. ನೀಲಿ. ಬೂದಿ ಬೆರೆತ, ತಣ್ಣನೆಯ, ಮೋಡ ಸರಿದ ಮೇಲಿನ ಆಕಾಶದಂಥ ನೀಲಿ. ಹಚ್ಚಿ ಮುಗಿಸಿದ ಮೇಲೆ ಅತ್ತೆ ಕೈಕಟ್ಟಿಕೊಂಡು ದೂರ ನಿಂತರು.

"ಇಷ್ಟು ಚೆನ್ನಾಗಿ ಯಾವುದೂ ಬಂದಿರಲಿಲ್ಲ ರೀ."

"ನೀನೂ ಬಾ ಒಂದ್ಸಲ. ಗೋಡೆ ಮೇಲೆ ನೋಡು."

ಅತ್ತೆ ಹೋದರು. ಒಳ್ಳೆಯ ಕೋಟು ಹಾಕಿಕೊಂಡು, ಟಿಕೆಟ್ ತೆಗೆದುಕೊಂಡು, ಪರಸ್ಥಳದವರ ಹಾಗೆ. ಕಪ್ಪೆ ಹಾಲ್ ಇನ್ನೂ ತೆರೆದಿರಲಿಲ್ಲ, ಆದರೂ ಮ್ಯೂಸಿಯಂಗೆ ಬಂದವರು ಒಳಗೆ ಇಣುಕುವುದನ್ನು ಯಾರೂ ತಡೆಯುತ್ತಿರಲಿಲ್ಲ. ಅವರು ಗೋಡೆಯ ಮುಂದೆ ನಿಂತಿರುವಾಗಲೇ ಮೇಡಂ ಪ್ರಯಾಣದ ಚೀಲ ಹೆಗಲಿಗೇರಿಸಿಕೊಂಡು ನೇರ ಅಲ್ಲಿಗೆ ಬಂದರು. ಕೈಯಲ್ಲಿ ಗಾಳಿ ತೂತಿನ ಡಬ್ಬಿ. ಹಿಂದೆ ಸಾಹೇಬರು. ಮಾಮ ಏಣಿಯ ಮೇಲಿದ್ದರು.

ಮೇಡಂ ಗೋಡೆ ನೋಡಿದರು. ನಗಲು ಹೋಗಿ ನಿಲ್ಲಿಸಿದರು.

"ಮಾಮ, ಈ ನೀಲಿ ಯಾರು ಹಾಕಿದ್ದು?"

"ನಾನೇ." ಮಾಮ ಅತ್ತೆಯ ಕಡೆ ನೋಡಲಿಲ್ಲ.

ಮೇಡಂ ಡಬ್ಬಿಯ ಮುಚ್ಚಳ ಸರಿಸಿ ಹಿಡಿದರು. ಒಳಗೆ, ಒದ್ದೆ ಎಲೆಯ ಮೇಲೆ, ನಾಲ್ಕೂ ಕಾಲು ಮಡಚಿಕೊಂಡು ಒಂದು ಕಪ್ಪೆ ಕೂತಿತ್ತು. ಅಡ್ಡ ಸೀಳಿನಂಥ ಕಣ್ಣಪಾಪೆ. ಮೈ ಎಳೆ ಚಿಗುರಿನ ಹಸಿರು. ಮಾಮನಿಗೆ ಕಂಡದ್ದು ಒಣಗಿದ ಎಲೆಯ ಬಣ್ಣ. ಆದರೂ ನೀಲಿಯಲ್ಲ ಎಂಬುದು ಅವರಿಗೂ ಗೊತ್ತಾಯಿತು.

"ಜೀವಂತ ಇರೋವಾಗ ಹಸಿರು ಮಾಮ. ಚರ್ಮದಲ್ಲಿ ಹಳದಿ ಬೇರೆ ಇರತ್ತೆ, ಅದರ ಕೆಳಗಿಂದ ನೀಲಿ ಬೇರೆ ಬರತ್ತೆ, ಎರಡೂ ಸೇರಿ ಹಸಿರು ಕಾಣೋದು. ಸ್ಪಿರಿಟ್ಟಲ್ಲಿ ಹಳದಿ ಕರಗಿ ಹೋಗತ್ತೆ. ನೀಲಿ ಉಳಿಯತ್ತೆ. ಛೆ, ನಾನು ಹೇಳಿ ಹೋಗ್ಬೇಕಿತ್ತು. ಹಸಿರು ಅನ್ನೋದು ಎಲ್ಲರಿಗೂ ಗೊತ್ತು ಅಂದ್ಕೊಂಡೆ."

ಸಾಹೇಬರು ಗಂಟಲು ಸರಿ ಮಾಡಿಕೊಂಡರು. "ನಾನು ಆವತ್ತೇ ಹೇಳಿದ್ದೆ, ಫ್ಯಾಕ್ಟರಿಯಿಂದ ರೆಡಿ ಮಾದರಿ ತರಿಸೋಣ ಅಂತ. ಹಾಲ್ ತೆರೆಯೋದು ಮುಂದಿನ ವಾರ. ಅಷ್ಟರಲ್ಲಿ ಸರಿ ಹೋದ್ರೆ ಸರಿ. ಇಲ್ದಿದ್ರೆ ಗೋಡೇನೂ ಹೊರಗಿನವರಿಗೆ ಕೊಡ್ತೀನಿ, ಕೆಳಗಿನ ಆ ಕೋಣೇನೂ ಖಾಲಿ ಮಾಡಿಸ್ತೀನಿ. ಈ ಸಲ ಬಣ್ಣ ಇಲ್ಲೇ ಆಗ್ಬೇಕು, ಕಪ್ಪೆ ಮುಂದೆ. ಮನೆಗೆ ಗಿನೆಗೆ ತಗೊಂಡು ಹೋಗೋದೆಲ್ಲ ಬೇಡ."

ಮಾಮ ಏಣಿಯಿಂದ ಇಳಿದು ನೋಡಿದರೆ ಅತ್ತೆ ಹೊರಟುಹೋಗಿದ್ದರು.

ಮನೆಯಲ್ಲಿ ಅತ್ತೆ ಕುಂಚಗಳನ್ನೆಲ್ಲ ತೊಳೆದು, ಬಟ್ಟೆಯಲ್ಲಿ ಸುತ್ತಿ, ಅಟ್ಟಕ್ಕೆ ಹಾಕಿದ್ದರು. ಗೋಡೆಗೆ ಮುಖ ಮಾಡಿ ಕೂತಿದ್ದರು.

"ನಿನ್ ತಪ್ಪಲ್ಲ ಅದು. ಸೀಸೆ ನೋಡಿ ಮಾಡಿ ಅಂದಿದ್ರು, ಮಾಡಿದ್ವಿ."

"ನೂಲಿನ ಕಾರ್ಖಾನೇಲಿ ನಾನೇನು ನೊಣ ಹೊಡೀತಾ ಇದ್ನಾ? ಹಸಿರು ನೂಲು ಬಣ್ಣ ಬಿಟ್ರೆ ಮೊದಲು ಹೋಗೋದು ಹಳದಿ. ಎಷ್ಟು ಸಲ ನೋಡಿದೀನಿ. ಬಟ್ಟೆ ನೀಲಿ ಆಗಿ ವಾಪಸ್ ಬರೋದು, ಬೈಸಿಕೊಳ್ಳೋದು ನಾನು. ಆ ಸೀಸೆ ನೀರು ತಿಳಿ ಹಳದಿ ಇತ್ತು ರೀ! ಕಣ್ಣೆದುರಿಗೆ ಇತ್ತು. ನನಗೆ ಹೊಳೀಲಿಲ್ಲ."

"ಹೋಗ್ಲಿ ಬಿಡು. ಈಗ ಹಸಿರು ಹಾಕು."

"ಹಾಕಲ್ಲ. ನನ್ನ ಕಣ್ಣು ಕೆಲಸಕ್ಕೆ ಬಾರದು. ಅವರು ಎಲ್ಲರೆದುರು ಕೇಳಿದಾಗ ನೀವು ನಾನೇ ಅಂದ್ರಿ. ಅದು ಇನ್ನೂ ಚುಚ್ಚಿತು."

ಆ ಮನೆಯಲ್ಲಿ ಮುನಿಸು ಅಂದರೆ ಕೂಗಾಟವಿಲ್ಲ. ಊಟದ ತಟ್ಟೆ ಮುಂದೆ ಬರುತ್ತದೆ, ಮಾತು ಬರುವುದಿಲ್ಲ.

ಮರುದಿನ ಮಾಮ ಒಬ್ಬರೇ ಮೇಡಂ ಕೋಣೆಗೆ ಹೋಗಿ ಕಪ್ಪೆಯ ಗಾಜಿನ ಪೆಟ್ಟಿಗೆಯ ಮುಂದೆ ಕೂತರು. ಇನ್ನೊಂದು ಎರಕ ಹೊಯ್ದು ತಂದಿದ್ದರು. ಡಬ್ಬಿಯ ಮೇಲೆ ಹಸಿರು ಎಂದು ಬರೆದದ್ದನ್ನು ಓದಿಯೇ ತೆಗೆದುಕೊಂಡರು. ಹಚ್ಚಿದರು. ಅವರ ಕಣ್ಣಿಗೆ ಅದು ಕಪ್ಪೆಗಿಂತ ಗಾಢವಾಗಿ ಕಂಡಿತು. ಹಳದಿ ಸೇರಿಸಿದರು. ಈಗ ಬೆಳ್ಳಗಾಯಿತು. ಬೇರೆ ಡಬ್ಬಿಯಿಂದ ಇಷ್ಟು, ಇನ್ನೊಂದರಿಂದ ಇಷ್ಟು. ಕಪ್ಪೆ ನೋಡುವುದು, ಎರಕ ನೋಡುವುದು. ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕಿತು. ಕೊನೆಗೆ ಅವರ ಕಣ್ಣಿಗೆ ಎರಡೂ ಒಂದೇ ಆದವು, ಕೂದಲೆಳೆಯಷ್ಟೂ ವ್ಯತ್ಯಾಸ ಇರಲಿಲ್ಲ. ಮಾಮ ಉಸಿರು ಬಿಟ್ಟರು. ನನ್ನಿಂದಲೂ ಆಗುತ್ತದೆ ಅನ್ನಿಸಿತು.

ಮೇಡಂ ಚಹಾ ಹಿಡಿದು ಒಳಗೆ ಬಂದರು. ಬಾಗಿಲಲ್ಲೇ ನಿಂತರು.

"ಮಾಮ... ಇದು ತಮಾಷೆಗಾ?"

ಅವರ ದನಿಯಲ್ಲಿ ಬಯ್ಗುಳವಿರಲಿಲ್ಲ. ಅದಕ್ಕೇ ಮಾಮ ಕುಂಚ ಕೆಳಗಿಟ್ಟರು. "ಇನ್ನೂ ಮುಗಿದಿಲ್ಲ. ನಾಳೆ ಸರಿ ಮಾಡ್ತೀನಿ" ಎಂದು ಎದ್ದರು. ಎರಕವನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡರು. ಗೇಟಿನ ಕಾವಲುಗಾರ, "ಏನ್ ಮಾಮ, ಜೇಬಲ್ಲಿ ಕಪ್ಪೆ ಒದ್ದಾಡ್ತಿದೆಯಾ, ಮುಖ ಹಾಗಿದೆ?" ಎಂದು ಕೇಳಿದರೂ ನಿಲ್ಲದೆ ಬಸ್ಸಿಗೆ ನಡೆದರು.

ಮನೆಯಲ್ಲಿ ಅತ್ತೆ ಈರುಳ್ಳಿ ಸುಲಿಯುತ್ತಿದ್ದರು. ಮಾಮ ಕರವಸ್ತ್ರ ಬಿಚ್ಚಿ ಎರಕವನ್ನು ಈರುಳ್ಳಿಯ ಪಕ್ಕದಲ್ಲಿಟ್ಟು ಎದುರಿಗೆ ಕೂತರು.

ಅತ್ತೆ ನೋಡಿದರು. ಚಾಕು ಕೆಳಗಿಟ್ಟರು. ಭುಜ ಅಲುಗಾಡಿತು. ಅಳುತ್ತಿದ್ದಾಳೇನೋ ಎಂದು ಮಾಮ ಗಾಬರಿಯಾದರು. ಅಳುವಲ್ಲ.

"ರೀ... ಇದನ್ನ ಹುರಿದಿದೀರಾ?"

"ಅಷ್ಟು ಕೆಟ್ಟದಾಗಿದೆಯಾ?"

"ಚೆನ್ನಾಗಿ ಬೆಂದಿದೆ! ಇನ್ನೊಂದು ಚೂರು ಬಿಟ್ಟಿದ್ರೆ ಸೀದು ಹೋಗ್ತಿತ್ತು!" ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಮೇಜು ಬಡಿದು ನಕ್ಕರು. ಮೊದಲು ಮುಖ ಸಿಂಡರಿಸಿಕೊಂಡಿದ್ದ ಮಾಮನಿಗೂ ಕೊನೆಗೆ ತಡೆಯಲಾಗಲಿಲ್ಲ. ಇಬ್ಬರೂ ಕಣ್ಣೊರೆಸಿಕೊಂಡರು. ಸ್ವಲ್ಪ ಈರುಳ್ಳಿಗೆ, ಸ್ವಲ್ಪ ಕಪ್ಪೆಗೆ.

ನಗು ಇಳಿದ ಮೇಲೆ ಅತ್ತೆ ಎರಕವನ್ನು ಬೆಳಕಿಗೆ ಹಿಡಿದು ತಿರುಗಿಸಿದರು. "ತೊಡೆ ಕೆಳಗೆ ಈ ನೆರಳು ನೋಡಿ. ಬೆನ್ನಿಂದ ಹೊಟ್ಟೆಗೆ ಇಳಿಯೋದು. ನಾನು ಒಬ್ಬಳೇ ಇಷ್ಟು ನಯವಾಗಿ ಯಾವತ್ತೂ ಇಳಿಸಿಲ್ಲ. ಬಣ್ಣ ಒಂದು ಬಿಟ್ಟು ಎಲ್ಲಾ ಸರಿ ಇದೆ."

"ಬಣ್ಣ ಒಂದು ಬಿಟ್ಟು" ಅಂದರು ಮಾಮ. "ನೀನು ಬಾರದಿದ್ರೆ ಮುಂದಿನ ವಾರ ನನ್ನ ಮೇಜು ಹೊರಗೆ ಹಾಕ್ತಾರೆ."

ಅತ್ತೆ ಎರಕವನ್ನು ಮತ್ತೆ ಕರವಸ್ತ್ರದಲ್ಲಿ ಸುತ್ತಿದರು. "ಬರ್ತೀನಿ. ಆದ್ರೆ ಕೋಟು ಹಾಕ್ಕೊಂಡು, ಟಿಕೆಟ್ ತಗೊಂಡು, ಯಾರೋ ಅನ್ನೋ ಹಾಗೆ ಬರಲ್ಲ. ತಪ್ಪು ನೀಲಿ ನಂದು ಅಂತ ಹೇಳಿ. ಸರಿ ಇದ್ದ ಹಲ್ಲಿಗಳೂ ನಂದೇ ಅಂತ ಹೇಳಿ. ನಿಮ್ಮ ಕಣ್ಣಿನ ವಿಷಯಾನೂ ಹೇಳಿ."

"ಹೇಳಿದ್ರೆ ಅವತ್ತೇ ಕಳಿಸಿಬಿಟ್ರೆ?"

"ಕಳಿಸಿದ್ರೆ ಇಬ್ಬರೂ ಒಟ್ಟಿಗೆ ಬಸ್ ಹತ್ತಿ ಬರೋಣ."

ಮಾಮ ಹೇಳಿದರು. ಮೇಡಂ ಕೋಣೆಯಲ್ಲಿ, ಸಾಹೇಬರೂ ಇದ್ದಾಗ, ಅತ್ತೆಯನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು. ಮಾಮ ಹೆಚ್ಚು ಮಾತಿನವರಲ್ಲ. "ನನಗೆ ಹಸಿರು ಕಾಣಲ್ಲ. ಕೆಂಪೂ ಸರಿಯಾಗಿ ಕಾಣಲ್ಲ. ಇಷ್ಟು ದಿನ ಬಣ್ಣ ಹಾಕಿದ್ದೆಲ್ಲ ಇವಳು. ಆ ನೀಲೀನೂ ಇವಳದೇ, ಸೀಸೆ ನೋಡಿ ಹಾಕಿದ್ಲು. ನಿನ್ನೇದು ಮಾತ್ರ ನಂದು." ಅಷ್ಟೇ.

ಸಾಹೇಬರು ಕನ್ನಡಕ ತೆಗೆದರು. "ಅಂದ್ರೆ ಬಣ್ಣಾನೇ ಕಾಣದವರ ಹತ್ರ ನಾವು ಮಾದರಿ ಮಾಡಿಸ್ತಾ ಇದ್ವಾ?"

ಅತ್ತೆ ಬಾಯಿ ತೆರೆದರು, ಅಷ್ಟರಲ್ಲಿ ಮೇಡಂ ಶುರು ಮಾಡಿದರು. ಅವರು ಸ್ಪಿರಿಟ್ ಸೀಸೆಯನ್ನೂ ನೀಲಿ ಎರಕವನ್ನೂ ಅಕ್ಕಪಕ್ಕ ಹಿಡಿದಿದ್ದರು. "ಸರ್, ಇದನ್ನ ನೋಡಿ. ಒಂದಿಷ್ಟಾದ್ರೂ ವ್ಯತ್ಯಾಸ ಇದೆಯಾ? ಸೀಸೆ ನೋಡಿ ಮಾಡಿ ಅಂದವಳು ನಾನು. ಇವರು ಹಾಗೇ ಮಾಡಿದಾರೆ. ಕಣ್ಣು ಕಾಣದೆ ಆದ ತಪ್ಪಲ್ಲ ಇದು, ಚೆನ್ನಾಗಿ ಕಂಡು ಆದ ತಪ್ಪು." ಆಮೇಲೆ ಅತ್ತೆಯ ಕಡೆ ತಿರುಗಿ, "ಮೂಗು ಒಂದೇ ಥರ ಇದ್ರೆ ದಾಯಾದಿಗಳಾ ಅಂತ ಕೇಳಿದ್ದು ನೀವೇನಾ?" ಅಂದರು.

ಅತ್ತೆ ಮಾಮನನ್ನು ದುರುಗುಟ್ಟಿ ನೋಡಿದರು. "ಅದನ್ನೂ ಹೇಳಿದೀರಾ ಇಲ್ಲಿ!"

ಸಾಹೇಬರಿಗೆ ನಗು ಬಂತೋ ಕೆಮ್ಮು ಬಂತೋ ತಿಳಿಯಲಿಲ್ಲ. "ಹಾಲ್ ತೆರೆಯೋ ದಿನದೊಳಗೆ ಹಸಿರಾಗಿರಬೇಕು. ಆಮೇಲೆ ನೋಡೋಣ" ಎಂದು ಹೊರಟರು. ಮೇಡಂ ಪಕ್ಕದ ಕೋಣೆಯಿಂದ ಇನ್ನೊಂದು ಕುರ್ಚಿ ತಾವೇ ಎಳೆದು ತಂದರು.

ಇಬ್ಬರೂ ಗಾಜಿನ ಪೆಟ್ಟಿಗೆಯ ಮುಂದೆ ಕೂತರು. ಅತ್ತೆ ಬಣ್ಣ ಬೆರೆಸಿ, ಗಾಜಿನ ಮೇಲೆ ಚುಕ್ಕಿಯಿಟ್ಟು, ಸರಿ ಅಂದುಕೊಳ್ಳುವಷ್ಟರಲ್ಲಿ ಕಪ್ಪೆ ಕಪ್ಪಾಯಿತು. ಬೆಳಕು, ತೇವ, ಹೆದರಿಕೆ, ಏನಾದರೂ ಸರಿ, ಈ ಕಪ್ಪೆಗಳು ಮೈಬಣ್ಣವನ್ನು ಗಾಢ ಮಾಡಿಕೊಳ್ಳುತ್ತವೆ, ತಿಳಿ ಮಾಡಿಕೊಳ್ಳುತ್ತವೆ.

"ಏ, ಒಂದು ಬಣ್ಣದಲ್ಲಿ ನಿಲ್ಲು ಮಾರಾಯ! ಕಾರ್ಖಾನೆ ಗಿರಾಕೀನೂ ಇಷ್ಟು ಕಾಡಿಲ್ಲ ನನ್ನ."

"ತಡಿ, ತಿಳಿ ಆಗ್ತಿದೆ" ಎಂದರು ಮಾಮ. ಹಸಿರು ಕಾಣದಿದ್ದರೂ ಗಾಢ ಇಳಿಯುವುದು ಅವರಿಗೆ ಅತ್ತೆಗಿಂತ ಮೊದಲೇ ಕಾಣುತ್ತಿತ್ತು. "ಇನ್ನೂ ಸ್ವಲ್ಪ... ಇನ್ನೂ... ಹಾಂ, ಈಗ. ಈಗ ಹಾಕು!"

ಅತ್ತೆ ಹಾಕಿದರು. ಬೆನ್ನಿಗೆ ಚಿಗುರಿನ ಹಸಿರು, ಪಕ್ಕೆಗೆ ತಿಳಿ, ಬೆರಳ ನಡುವಿನ ಪೊರೆಗೆ ಕಿತ್ತಳೆ ಬೆರೆತ ಕೆಂಪು. ಮಾಮ ಪಕ್ಕದಲ್ಲಿ ಕೂತು, ಇಲ್ಲಿ ಏರಿಸು, ಇಲ್ಲಿ ಇಳಿಸು ಎಂದು ಪಿಸುಗುಟ್ಟುತ್ತಿದ್ದರು. ಬಾಗಿಲು ತೆರೆದೇ ಇತ್ತು. ಬಂದವರು ಬಗ್ಗಿ ನೋಡಿ ಹೋಗುತ್ತಿದ್ದರು. ಇಬ್ಬರಿಗೂ ಅದರ ಖಬರಿರಲಿಲ್ಲ.

ಹಾಲ್ ತೆರೆದ ದಿನ ಸಾಹೇಬರು ಗೋಡೆಯ ಮುಂದೆ ನಿಂತು, ಹಾರುಗಪ್ಪೆಯ ಹತ್ತಿರ ಬೆರಳು ಒಯ್ದು, ಎಳೆದುಕೊಂಡರು. ಯಾರಾದರೂ ನೋಡಿದರೇ ಎಂದು ಅತ್ತಿತ್ತ ನೋಡಿದರು. ಕಾವಲುಗಾರ ನೋಡಿದ್ದ. ಫ್ಯಾಕ್ಟರಿಯ ಮಾತು ಅವರ ಬಾಯಿಂದ ಮತ್ತೆ ಬರಲಿಲ್ಲ. ಮೇಜು ಅಲ್ಲೇ ಉಳಿಯಿತು. ಅತ್ತೆಗೂ ಕೆಲಸದವರ ಗುರುತಿನ ಬಿಲ್ಲೆ ಸಿಕ್ಕಿತು. ಅದನ್ನು ಅವರು ಕೋಟಿನ ಒಳಗಲ್ಲ, ಹೊರಗೇ ಸಿಕ್ಕಿಸಿಕೊಳ್ಳುತ್ತಾರೆ. ನೀಲಿ ಎರಕವನ್ನು ಮೇಡಂ ಬಿಸಾಡಲು ಬಿಡಲಿಲ್ಲ. ಸ್ಪಿರಿಟ್ ಸೀಸೆಯ ಪಕ್ಕದಲ್ಲಿಟ್ಟು, ಸತ್ತ ಕಪ್ಪೆ ಬಣ್ಣದ ಬಗ್ಗೆ ಹೇಗೆ ಸುಳ್ಳು ಹೇಳುತ್ತದೆ ಎಂದು ಬಂದವರಿಗೆ ತೋರಿಸುತ್ತಾರೆ.

ಈಗ ಇಬ್ಬರೂ ಕಪ್ಪೆಯ ನೊರೆಗೂಡು ಮಾಡುವ ಹಟಕ್ಕೆ ಬಿದ್ದಿದ್ದಾರೆ. ಕೊಂಬೆಗೆ ಅಂಟಿ, ನೀರಿನ ಮೇಲೆ ತೂಗುವ ನೊರೆಯ ಮುದ್ದೆ. ಮಾಮ ಮಾಡಿದ ಮೊದಲನೆಯದು ಹೂಕೋಸಿನಂತಿದೆ ಎಂದು ಅತ್ತೆ, ಅತ್ತೆ ಹಚ್ಚಿದ ಬಿಳಿ ಸುಣ್ಣದಂತಿದೆ ಎಂದು ಮಾಮ. ಜಗಳ ಮೆಟ್ಟಿಲ ತನಕ ಕೇಳಿಸುತ್ತದೆ.

ನೀವೂ ಒಮ್ಮೆ ಹೋಗಿ. ಗೋಡೆ ನೋಡಿ ಹಾಗೇ ಹಿಂತಿರುಗಬೇಡಿ. ಹಾಲ್‌ನ ಕೊನೆಯಲ್ಲಿರುವ ಮೆಟ್ಟಿಲಿಳಿದು, ಎಡಕ್ಕೆ ತಿರುಗಿ, ಬಾಗಿಲು ತಟ್ಟಿ. ಮಾಮ "ಹೂಂ" ಅನ್ನುತ್ತಾರೆ, ಅದಕ್ಕೆ ಬನ್ನಿ ಎಂದೇ ಅರ್ಥ. ಅತ್ತೆ ನಿಮ್ಮ ಕೈಗೆ ನೊರೆಗೂಡು ಕೊಟ್ಟು, ಹೇಗಿದೆ ಎಂದು ಕೇಳುತ್ತಾರೆ. ಸ್ವಲ್ಪ ಹೊತ್ತು ಕೂತು, ಅನ್ನಿಸಿದ್ದನ್ನು ಇದ್ದ ಹಾಗೇ ಹೇಳಿ ಬನ್ನಿ.